ಹಪ್ಪಳದ ಬಾವಿ, ಪಕ್ಕದ ಪ್ರಯೋಗಾಲಯ

ನಾನು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ ಎಂಜಿನಿಯರಾಗಿ ಕೆಲಸ ಮಾಡಿ ನಿವೃತ್ತಳಾದವಳು. ಜನ ತಂದುಕೊಡುವ ಕಟ್ಟಡದ ನಕ್ಷೆ ನೋಡುವುದು, ಜಾಗಕ್ಕೆ ಹೋಗಿ ತಪಾಸಣೆ ಮಾಡುವುದು, ಅನುಮತಿ ಕೊಡಬಹುದು ಅಥವಾ ಕೊಡಬಾರದು ಅಂತ ಮೇಲಿನವರಿಗೆ ಬರೆಯುವುದು, ಇಷ್ಟೇ ಕೆಲಸ. ಈಗ ಹೊಸದಾಗಿ ಸೇರುವ ಮಕ್ಕಳು ಆಗಾಗ ಮನೆಗೆ ಬಂದು, "ಮೇಡಂ, ಮೊದ್ಲು ಯಾವ ರೂಲ್ಸ್ ಬುಕ್ ಓದ್ಬೇಕು?" ಅಂತ ಕೇಳುತ್ತಾರೆ. ಓದ್ರಪ್ಪಾ, ಬೇಡ ಅಂದವರ್ಯಾರು? ಆದರೆ ಆ ಪುಸ್ತಕ ಬರೆದವರು ಚಾಮರಾಜಪೇಟೆಯ ಹಿತ್ತಿಲುಗಳನ್ನು ನೋಡಿದ ಹಾಗೆ ನನಗೆ ಯಾವತ್ತೂ ಅನ್ನಿಸಿಲ್ಲ. ನಾನು ಹೇಳುವುದೇನಿದ್ದರೂ ಹಿತ್ತಿಲಿನದ್ದು.

ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ನಕ್ಷೆ ಅಂದರೆ ನೀಲಿ ಹಾಳೆ. ಬಿಚ್ಚಿದರೆ ಅಮೋನಿಯಾದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಟೇಬಲ್ ಮೇಲೆ ಹರಡಿ, ನಾಲ್ಕು ಮೂಲೆಗೂ ಕಾಫಿ ಲೋಟ ಇಟ್ಟು ನೋಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಗೆರೆಗಳು ನೀಟಾದವು. ತಪ್ಪುಗಳೂ ಅಷ್ಟೇ ನೀಟಾಗಿ ಬರತೊಡಗಿದವು. ಒಬ್ಬರು ಮನೆ ಕಟ್ಟಿಸಿಕೊಂಡರು, ನಕ್ಷೆಯಲ್ಲಿ ಕಾರಿನ ಗೇಟು ಇರಬೇಕಾದ ಅಳತೆಗೆ ಸರಿಯಾಗಿತ್ತು, ನಾವು ಸೀಲು ಹೊಡೆದೆವು. ಗೇಟಿನ ಎದುರಿಗೇ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇತ್ತು. ಅದು ರಸ್ತೆಯದ್ದು, ಮನೆಯದ್ದಲ್ಲ, ಹಾಗಾಗಿ ನಕ್ಷೆಯಲ್ಲಿ ಯಾರೂ ಬರೆದಿರಲಿಲ್ಲ. ಪಾಪ, ಆ ಮನುಷ್ಯ ಹೊಸ ಕಾರನ್ನು ಕೊನೆತನಕ ಭಾವನ ಮನೆಯಲ್ಲೇ ನಿಲ್ಲಿಸಿದ.

ನಮ್ಮ ಮೇಲಿನವರು ಚನ್ನಕೇಶವ ಸಾಹೇಬರು. ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಕುತೂಹಲ ಅನ್ನುವುದು ಲವಲೇಶವೂ ಇರಲಿಲ್ಲ. ಅವರ ತಪಾಸಣೆ ಅಂದರೆ ಹೀಗೆ: ಮುಂದುಗಡೆ ಟೇಪು ಹಿಡಿಸಿ ರಸ್ತೆಯಿಂದ ಗೋಡೆಗೆ ಅಳೆಯುವುದು, ಒಳಗೆ ಹೋಗಿ ಹಾಲಿನಲ್ಲಿ ಕೂತು ಕಾಫಿ ಕುಡಿಯುವುದು, ಎದ್ದು ಬರುವುದು. ಹಿಂದುಗಡೆ ಏನಿದೆ ಅಂದರೆ, "ನಕ್ಷೆಯಂತೆ ಇದೆ ಅಂತ ಬರ್ಕೊಳ್ಳಮ್ಮ" ಅನ್ನುತ್ತಿದ್ದರು. ಅವರೊಬ್ಬರೇ ಅಲ್ಲ, ಇಡೀ ಇಲಾಖೆಯೇ ಹಾಗಿತ್ತು. ಯಾಕೆ ಅಂತ ನನಗೆ ಸೇರಿದ ವರ್ಷವೇ ಅರ್ಥವಾಯಿತು. ಹಳೇ ಮನೆಗಳಲ್ಲಿ ಹಿತ್ತಿಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಬೇಕು. ಅಡುಗೆಮನೆಯಲ್ಲಿ ಮಡಿ. ಹೊರಗಿನವರನ್ನು ಬಿಡುವುದಿಲ್ಲ, ಬಂದವರೂ ಕೇಳುವುದಿಲ್ಲ. ಇನ್ನೊಂದು ದಾರಿ ಅಂದರೆ ಹಿಂದಿನ ಗಲ್ಲಿ. ಅದಕ್ಕೆ ಸಾಹೇಬರುಗಳು ಕಾಲಿಡುವುದಿಲ್ಲ.

ಆ ಗಲ್ಲಿಯ ವಿಷಯ ಸ್ವಲ್ಪ ಹೇಳಬೇಕು. ಈ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ಮಧ್ಯೆ ಒಂದು ಇಕ್ಕಟ್ಟಾದ ಓಣಿ ಬಿಟ್ಟಿರುತ್ತಾರೆ. ಕನ್ಸರ್ವೆನ್ಸಿ ಗಲ್ಲಿ ಅಂತ ಅದರ ಹೆಸರು. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಮನೆಯವರ ಕಣ್ಣಿಗೆ ಬೀಳದೆ ಓಡಾಡಲಿ ಅಂತ ಮಾಡಿದ್ದು. ನನ್ನ ಅಜ್ಜಿ ಅಂಥ ಗಲ್ಲಿಗಳಲ್ಲಿ ದುಡಿದವಳು. ಅಪ್ಪ ಬಿನ್ನಿಪೇಟೆಯ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ಎಂಜಿನಿಯರಾದೆ. ಹಾಗಾಗಿ ಗಲ್ಲಿ ಅಂದರೆ ನನಗೆ ಅಸಹ್ಯಕ್ಕಿಂತ ಹೆಚ್ಚಾಗಿ, ಈಗ ಅಲ್ಲಿ ಏನಿದೆ ನೋಡೋಣ ಅನ್ನುವ ಚಪಲ. ಏನಿರುತ್ತೆ ಅಂತೀರಿ! ಗಲ್ಲಿ ಸರ್ಕಾರದ್ದು ಅಂತ ಗೊತ್ತಿದ್ದೂ ಒಬ್ಬರು ಅಲ್ಲಿ ಸೌದೆ ಒಟ್ಟಿದ್ದರು, ಇನ್ನೊಬ್ಬರು ಬಚ್ಚಲು ಕಟ್ಟಿದ್ದರು, ಮತ್ತೊಬ್ಬರು ಬೀಗ ಹಾಕಿಕೊಂಡು ತುಳಸಿ ಕಟ್ಟೆಯನ್ನೇ ಎಬ್ಬಿಸಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಚಾಮರಾಜಪೇಟೆಯಲ್ಲಿ ಒಂದು ಲಾರಿ ಸಾಗಾಣಿಕೆ ಕಂಪನಿಯ ಹಳೇ ಆಫೀಸು ಖಾಲಿ ಬಿದ್ದಿತ್ತು. ಅದನ್ನು ಪ್ರಯೋಗಾಲಯವಾಗಿ ಬದಲಾಯಿಸಬೇಕಂತೆ. ಮಾತ್ರೆ, ಟಾನಿಕ್ಕುಗಳಲ್ಲಿ ಇರಬೇಕಾದ್ದು ಇರಬೇಕಾದಷ್ಟು ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಪ್ರಯೋಗಾಲಯ. ಅರ್ಜಿ ಹಾಕಿದವರು ನಸ್ರೀನ್ ಅಂತ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಬಿಟ್ಟು ಬಂದವರು.

ನನಗೆ ಎಷ್ಟು ಖುಷಿಯಾಯಿತು ಅಂದರೆ ಮಧ್ಯಾಹ್ನದ ಊಟವನ್ನೇ ಮರೆತೆ. ಮನೆ ಅಂಗಡಿಯಾಗುವುದು, ಅಂಗಡಿ ಛತ್ರವಾಗುವುದು ನೋಡಿ ನೋಡಿ ಸಾಕಾಗಿತ್ತು. ಆಫೀಸು ಪ್ರಯೋಗಾಲಯವಾದರೆ ಏನೇನು ನೋಡಬೇಕು? ಬರೀ ಫೈಲು ಇಡುತ್ತಿದ್ದ ಮಹಡಿ ಈಗ ಕಲ್ಲಿನ ಮೇಜು, ಭಾರದ ಯಂತ್ರಗಳನ್ನು ತಡೆಯುತ್ತಾ? ಹೊಗೆ ಯಾವ ಕಡೆಯಿಂದ, ಎಷ್ಟು ಎತ್ತರಕ್ಕೆ ಹೋಗಬೇಕು? ಬೆಂಕಿ ಹತ್ತುವ ದ್ರಾವಣಗಳನ್ನು ಎಲ್ಲಿಡುತ್ತಾರೆ? ಸಿಂಕಿನ ನೀರು ಎಲ್ಲಿಗೆ ಹೋಗುತ್ತೆ? ಪ್ರಶ್ನೆಗಳನ್ನು ಬರೆದುಕೊಂಡು ಸಾಹೇಬರ ಹತ್ತಿರ ಹೋದೆ.

ಅವರು ಕನ್ನಡಕದ ಮೇಲಿನಿಂದ ನೋಡಿ, "ಇಷ್ಟೆಲ್ಲ ಯಾಕಮ್ಮ ಸುಜಾತಾ? ಕ್ಲಿನಿಕ್ ಅಂತ ಅಂದ್ಕೊಂಡು ನೋಡ್ಬಿಡಿ" ಅಂದರು.

"ಕ್ಲಿನಿಕ್ಕಲ್ಲಿ ಆಸಿಡ್ ಇರಲ್ವಲ್ಲ ಸಾರ್."

"ನಮ್ಮನೆ ಬಚ್ಚಲಲ್ಲೂ ಆಸಿಡ್ ಇದೆ. ಹೋಗ್ಬನ್ನಿ."

ನಿಯಮದ ಪ್ರಕಾರ ಅಕ್ಕಪಕ್ಕದವರಿಂದ ಆಕ್ಷೇಪಣೆ ಕರೆದೆವು. ಬಂದವು, ಬರದೆ ಇರುತ್ತಾ? ವಾಸನೆ ಬರುತ್ತೆ, ಸಿಡಿದುಹೋಗುತ್ತೆ, ಇಲಿಗಳನ್ನು ಸಾಕ್ತಾರೆ ಅಂತೆಲ್ಲ. ಇಲಿಯ ವಿಷಯ ನಾನು ನಸ್ರೀನ್ ಅವರನ್ನೇ ಕೇಳಿದೆ. ಅವರು ನಕ್ಕು, "ಸಾಕೋದೇನ್ ಬಂತು ಮೇಡಂ, ಈ ಬಿಲ್ಡಿಂಗಲ್ಲಿ ಇರೋವನ್ನ ಓಡಿಸೋದೇ ನನಗೆ ಕಷ್ಟ ಆಗಿದೆ" ಅಂದರು. ನನಗೆ ಆ ಹೆಂಗಸು ಅವತ್ತೇ ಹಿಡಿಸಿದರು.

ಆಕ್ಷೇಪಣೆಗಳಲ್ಲಿ ತೂಕದ್ದು ಅಂತ ಇದ್ದದ್ದು ಒಂದೇ. ಕಟ್ಟಡದ ಬೆನ್ನಿಗೆ ಬೆನ್ನು ಕೊಟ್ಟಿರುವ ಮನೆಯ ಶಾರದಮ್ಮನವರದ್ದು. ಅವರು ಹಪ್ಪಳದ ಶಾರದಮ್ಮ ಅಂತಲೇ ಆ ಕಡೆಯೆಲ್ಲ ಹೆಸರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಶುರುಮಾಡಿ, ನಾಲ್ಕು ಹೆಂಗಸರಿಗೆ ಕೆಲಸ ಕೊಟ್ಟಿದ್ದರು. ಬಾಗಿಲ ಮೇಲೆ ಬೋರ್ಡು: ಬಾವಿ ನೀರಿನ ಉದ್ದಿನ ಹಪ್ಪಳ. ಮದುವೆ ಮನೆಗಳವರು ಛತ್ರ ಗೊತ್ತುಮಾಡುವ ಮುಂಚೆ ಇವರ ಹಪ್ಪಳಕ್ಕೆ ಹೇಳಿಹೋಗುತ್ತಿದ್ದರು. "ನಲ್ಲಿ ನೀರಲ್ಲಿ ಹಿಟ್ಟು ಕಲಸಿದ್ರೆ ಈ ರುಚಿ ಬರಲ್ಲಮ್ಮ. ಎಲ್ಲಾ ನಮ್ಮ ಬಾವಿ ಗುಣ" ಅನ್ನುವುದು ಅವರ ಮಾತು. ಈಗ ಪ್ರಯೋಗಾಲಯದ ನೀರು ಆ ಬಾವಿಗೆ ಇಳಿದರೆ ಗತಿಯೇನು ಅನ್ನುವುದು ಅವರ ಆಕ್ಷೇಪಣೆ.

ಬಾವಿ ನೋಡಬೇಕು ಅಂತ ಹೋದೆ. ಹಾಲಿನಲ್ಲಿ ಕೂರಿಸಿದರು, ಮಜ್ಜಿಗೆ ಕೊಟ್ಟರು. "ಯಾವೂರಮ್ಮ ನಿಮ್ದು?"

"ಇಲ್ಲೇ, ಬಿನ್ನಿಪೇಟೆ."

"ಅಲ್ಲ, ಅಂದ್ರೆ... ಯಾರ ಪೈಕಿ?"

ಹೇಳಿದೆ. ಮುಚ್ಚಿಡುವಂಥದ್ದು ನನಗೇನೂ ಇರಲಿಲ್ಲ. ಶಾರದಮ್ಮ ಸೆರಗು ಸರಿಮಾಡಿಕೊಂಡು, "ಬೇಜಾರು ಮಾಡ್ಕೋಬೇಡಿ. ಅಡುಗೆಮನೆಯಲ್ಲಿ ಹಿಟ್ಟು ಕಲಸಿಟ್ಟಿದೀನಿ. ಹಿಂದಿನ ಗಲ್ಲಿ ಕಡೆಯಿಂದ ಬಂದ್ಬಿಡಿ, ಬಾಗಿಲು ತೆಗೀತೀನಿ" ಅಂದರು.

ಮೈಯೆಲ್ಲ ಉರಿದುಹೋಯಿತು. ಸರ್ಕಾರದ ಜೀಪಿನಲ್ಲಿ ಬಂದು, ಅಜ್ಜಿ ನಡೆದ ದಾರಿಯಲ್ಲೇ ಹೋಗಬೇಕಲ್ಲ ಅಂತ. ಎದ್ದು ಹೊರಟುಬಿಡೋಣ ಅನ್ನಿಸಿತು. ಆದರೆ ಬಾವಿ ನೋಡದೆ ಹೋದರೆ ನನಗೂ ಚನ್ನಕೇಶವ ಸಾಹೇಬರಿಗೂ ಏನು ವ್ಯತ್ಯಾಸ? ಹಲ್ಲು ಕಚ್ಚಿಕೊಂಡು ಸುತ್ತು ಹಾಕಿ ಗಲ್ಲಿಗೆ ಹೋದೆ.

ಹೋದದ್ದೇ ಒಳ್ಳೆಯದಾಯಿತು. ನಕ್ಷೆಯಲ್ಲಿ ಆ ಗಲ್ಲಿ ಖಾಲಿ ಜಾಗ. ನಿಜವಾಗಿ ನೋಡಿದರೆ ಆ ಲಾರಿ ಆಫೀಸಿನವರು ಗಲ್ಲಿಯ ಅರ್ಧ ನುಂಗಿ ಸಾಲಾಗಿ ಕಕ್ಕಸು ಕಟ್ಟಿಸಿದ್ದರು. ಅಲ್ಲಿಂದ, ಕಟ್ಟಡದ ಕೊಳಕು ನೀರೆಲ್ಲ ಹೋಗುವ ಒಂದು ಹಳೇ ಮಣ್ಣಿನ ಪೈಪು ನೆಲದೊಳಗೆ ಇಳಿದಿತ್ತು. ಪಕ್ಕದಲ್ಲಿ ಶಾರದಮ್ಮನವರ ಹಿತ್ತಿಲ ಗೋಡೆ, ಗೋಡೆಯಾಚೆ ಒಂದೆರಡು ಹೆಜ್ಜೆಗೆ ಬಾವಿ. ಪೈಪು ಎತ್ತ ಹೋಗುತ್ತೆ, ದೊಡ್ಡ ಚರಂಡಿಗೆ ಎಲ್ಲಿ ಸೇರುತ್ತೆ ಅಂತ ಹೇಳುವವರು ಯಾರೂ ಇಲ್ಲ. ಬಾವಿಯ ನೀರು ಮಾತ್ರ ಕನ್ನಡಿ ಹಾಗೆ ತಿಳಿಯಾಗಿತ್ತು.

ಈ ಪೈಪಿನ ವಿಷಯ ನಸ್ರೀನ್ ಅವರಿಗೆ ಹೇಳಿದೆ. "ಬಣ್ಣ ಹಾಕಿ ನೋಡ್ಬಿಡೋಣ್ವಾ?" ಅಂದರು ಅವರು. ಕಣ್ಣಿನ ಡಾಕ್ಟರುಗಳು ಕಣ್ಣಿಗೆ ಹಾಕಿ ನೋಡುವ ಒಂದು ಬಣ್ಣ ಇದೆಯಂತೆ, ವಿಷವಲ್ಲ, ಒಂದು ಚಿಟಿಕೆಗೆ ಹಂಡೆ ನೀರು ಗಿಣಿಹಸಿರಾಗುತ್ತಂತೆ. ಕಕ್ಕಸಿಗೆ ಸುರಿದು ನೀರು ಬಿಟ್ಟರೆ, ಪೈಪು ಸೋರುತ್ತಿದ್ದರೆ ಬಾವಿಯಲ್ಲಿ ಕಾಣಿಸುತ್ತೆ.

"ಬಾವೀಲಿ ಬಣ್ಣ ಬಂದ್ರೆ ನಿಮ್ಮ ಅರ್ಜಿಗೇ ಕುತ್ತು, ಗೊತ್ತಲ್ವಾ?" ಅಂದೆ.

"ಗೊತ್ತು. ಆದ್ರೆ ಗೊತ್ತಿಲ್ದೆ ಹೇಗೆ ಕೆಲಸ ಶುರುಮಾಡ್ಲಿ ಮೇಡಂ? ನಿದ್ದೆ ಬರಲ್ಲ ನನಗೆ."

ಅಯ್ಯೋ, ಇದು ನನ್ನ ಜಾತಿಯ ಹೆಂಗಸು ಅಂದುಕೊಂಡೆ. ಅಂದರೆ ಮೂಗು ತೂರಿಸುವ ಜಾತಿ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಇದ್ದಕ್ಕಿದ್ದ ಹಾಗೆ ಇನ್ನೊಂದು ಹೊಳೆಯಿತು. ಬಣ್ಣ ಬಾವಿಗೆ ಬಂದರೆ ಶಾರದಮ್ಮನವರ ಆಕ್ಷೇಪಣೆ ಗೆಲ್ಲುತ್ತೆ, ಸರಿ. ಆದರೆ ಪ್ರಯೋಗಾಲಯ ಇನ್ನೂ ಬಂದೇ ಇಲ್ಲವಲ್ಲ! ಇಷ್ಟು ವರ್ಷ ಆ ಪೈಪಿನಲ್ಲಿ ಹರಿದದ್ದು ಏನು? ಬಾವಿಯ ಹೆಸರಿನ ಮೇಲೆ ನಿಂತಿರುವ ಇವರ ಹಪ್ಪಳದ ಗತಿ ಏನಾಗುತ್ತೆ? ನನ್ನ ಸ್ಟಾಪು ದಾಟಿ ಹೋದದ್ದೇ ತಿಳಿಯಲಿಲ್ಲ.

ಇದನ್ನು ಅವರಿಗೆ ಹೇಳದೆ ಬಣ್ಣ ಹಾಕುವುದು ಮೋಸ. ಮಾರನೇ ದಿನ ಹೋಗಿ ಹೇಳಿದೆ. ಶಾರದಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮುಖ ಬಿಳುಚಿಕೊಂಡಿತು.

"ಏನಂತ ಮಾತಾಡ್ತಿದೀರಿ ನೀವು? ನಾನು ಆ ನೀರಲ್ಲಿ ದೇವರಿಗೆ ಅಭಿಷೇಕ ಮಾಡ್ತೀನಿ!"

"ಪೈಪು ಸೋರದೇನೂ ಇರಬಹುದು ಶಾರದಮ್ಮೋರೆ. ಅದಕ್ಕೇ ನೋಡೋಣ ಅಂತಿರೋದು."

"ನೋಡೋದೂ ಬೇಡ, ಏನೂ ಬೇಡ. ನನ್ನ ಆಕ್ಷೇಪಣೆ ವಾಪಸ್ ತಗೋತೀನಿ. ಲ್ಯಾಬೋ ಗೀಬೋ ಮಾಡ್ಕೊಳ್ಳಿ. ನನ್ನ ಬಾವಿ ತಂಟೆಗೆ ಬರಬೇಡಿ. ನಾಲ್ಕು ಜನರ ಅನ್ನಕ್ಕೆ ಕಲ್ಲು ಹಾಕೋಕೆ ಬಂದಿದೀರಾ?"

ಸಾಹೇಬರಿಗೆ ಹಬ್ಬ. "ನೋಡಿ, ಆಕ್ಷೇಪಣೆನೇ ಇಲ್ಲ ಅಂದ್ಮೇಲೆ ಮುಗೀತು. ಬರ್ದು ಕಳಿಸಿ." ನಾನು ಬರೆಯಲಿಲ್ಲ. ಆ ಅರ್ಜಿಯನ್ನು ಕೆಳಗೆ ಹಾಕಿ ಮೇಲೆ ಬೇರೆ ಫೈಲು ಇಟ್ಟುಕೊಂಡು ಕೂತೆ. ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂದರೆ ಹೇಳುವುದು ಕಷ್ಟ.

ಆ ವಾರ ಕಳೆಯುವುದರೊಳಗೆ ಶಾರದಮ್ಮ ತಾವಾಗಿಯೇ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕಣ್ಣು ಒಳಗೆ ಹೋಗಿದ್ದವು. ನನ್ನ ಎದುರಿನ ಕುರ್ಚಿಯಲ್ಲಿ ಕೂತು, "ಹಾಕಿ ಆ ಬಣ್ಣಾನ" ಅಂದರು.

"ಯಾಕಮ್ಮ, ಏನಾಯ್ತು?"

"ಏನಾಗತ್ತೆ? ನೀವು ಹೇಳಿ ಹೋದಾಗಿಂದ ಹಿಟ್ಟಿಗೆ ಕೈ ಹಾಕೋಕೆ ಆಗ್ತಿಲ್ಲ. ನೀರು ಸೇದ್ತೀನಿ, ಕಲಸೋಕೆ ಕೂತ್ಕೋತೀನಿ, ಎದ್ದುಬಿಡ್ತೀನಿ. ಕೆಲಸದೋರು ಸುಮ್ನೆ ಕೂತಿದಾರೆ. ಹೀಗೂ ಇಲ್ಲ, ಹಾಗೂ ಇಲ್ಲ ಅಂತ ಬದುಕೋಕೆ ಆಗಲ್ಲ ಕಣಮ್ಮ."

ನಸ್ರೀನ್ ಬಣ್ಣ ತಂದರು. ಕೆಂಪಗಿನ ಪುಡಿ, ನೀರಿಗೆ ಬಿದ್ದ ತಕ್ಷಣ ಹಸಿರು. ಮೂವರೂ ಗಲ್ಲಿಯಲ್ಲಿ ನಿಂತು ಕಕ್ಕಸುಗಳಿಗೆ ಸುರಿದು, ಬಕೆಟ್ಟುಗಟ್ಟಲೆ ನೀರು ಬಿಟ್ಟೆವು. ಆಮೇಲೆ ಬಾವಿ ಕಟ್ಟೆಯ ಹತ್ತಿರ ಕೂತೆವು. ಸಂಜೆಯವರೆಗೆ ಏನೂ ಇಲ್ಲ. ಮಾರನೇ ದಿನವೂ ನೀರು ತಿಳಿ. ಶಾರದಮ್ಮನ ಮುಖದಲ್ಲಿ ಜೀವ ಬಂತು. "ನೋಡಿದ್ರಾ? ನಾನು ಹೇಳ್ಲಿಲ್ವಾ?" ಅಂತ ನಮ್ಮಿಬ್ಬರಿಗೂ ಎರೆಯಪ್ಪ ಮಾಡಿ ಕೊಟ್ಟರು. ನಾನೂ ತಿಂದೆ. ಒಳಗೊಳಗೆ ನನಗೆ ಸ್ವಲ್ಪ ನಿರಾಸೆಯೇ ಆಗಿತ್ತು ಅಂದರೆ ನೀವು ಬೈಯಬೇಡಿ.

ಅದರ ಮಾರನೇ ಬೆಳಿಗ್ಗೆ ಆಫೀಸಿಗೆ ಶಾರದಮ್ಮನವರ ಫೋನು. "ಬೇಗ ಬನ್ನಿ" ಅಷ್ಟೇ. ಹೋದರೆ ಮುಂಬಾಗಿಲಲ್ಲೇ ನಿಂತಿದ್ದರು. ನನ್ನ ಕೈ ಹಿಡಿದು ಎಳೆದುಕೊಂಡು ಹಾಲು, ನಡುಮನೆ, ಅಡುಗೆಮನೆ ಎಲ್ಲ ದಾಟಿಸಿ ಹಿತ್ತಿಲಿಗೆ ತಂದು ನಿಲ್ಲಿಸಿದರು. ಅವರಿಗೆ ಆಗ ಮಡಿ ಮೈಲಿಗೆ ಯಾವುದೂ ನೆನಪಿರಲಿಲ್ಲ.

ಬಗ್ಗಿ ನೋಡಿದೆ. ಇಡೀ ಬಾವಿ ಗಿಣಿಹಸಿರು. ಬಿಸಿಲು ಬಿದ್ದ ಕಡೆ ಫಳಫಳ ಹೊಳೆಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲು ಅನ್ನಿಸಿದ್ದು ಎಂಥ ಚೆಂದ ಅಂತ. ಎರಡನೆಯದಾಗಿ, ನನ್ನನ್ನು ಗಲ್ಲಿಗೆ ಕಳಿಸಿದ ಮಡಿ ನೀರು ಇದೇ ಅಲ್ಲವೇ ಅಂತ ಒಳಗಿನಿಂದ ಒಂದು ನಗು ಬಂತು. ಆಮೇಲೆ ತಿರುಗಿ ಶಾರದಮ್ಮನ ಮುಖ ನೋಡಿದೆ. ನಗು ಎಲ್ಲಿ ಹೋಯಿತೋ. ಅವರು ಕಟ್ಟೆ ಹಿಡಿದುಕೊಂಡು, "ಎಷ್ಟು ವರ್ಷದಿಂದ... ಎಷ್ಟು ಮದುವೆಗೆ..." ಅಂತ ಅಷ್ಟನ್ನೇ ಹೇಳುತ್ತಿದ್ದರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಪಕ್ಕದಲ್ಲಿ ನಿಂತುಕೊಂಡೆ, ಅಷ್ಟೇ.

ಸಾಹೇಬರಿಗೆ ವರದಿ ಒಪ್ಪಿಸಿದರೆ, "ಹಂಗಾದ್ರೆ ಆಕ್ಷೇಪಣೆ ನಿಜ ಆಯ್ತಲ್ಲ. ರಿಜೆಕ್ಟ್ ಮಾಡಿ" ಅಂದರು.

"ರಿಜೆಕ್ಟ್ ಮಾಡಿದ್ರೆ ಕಟ್ಟಡ ಏನಾಗತ್ತೆ ಸಾರ್?"

"ಏನಾಗತ್ತೆ? ಮೊದಲಿನ ಹಾಗೆ ಆಫೀಸು."

"ಕಕ್ಕಸು?"

ಅವರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಒಂದು ಪ್ರಶ್ನೆ ಹುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಟ್ಟಡ ಆಫೀಸಾಗಿಯೇ ಉಳಿದರೆ ಹೊಸ ಅನುಮತಿ ಬೇಕಿಲ್ಲ, ಹೊಸ ಅನುಮತಿ ಇಲ್ಲದಿದ್ದರೆ ಷರತ್ತೂ ಇಲ್ಲ. ಗಲ್ಲಿ ಬಿಡಿಸಿ ಅಂತ ನೋಟಿಸು ಕೊಡಬಹುದು. ಆ ಕಾಲದಲ್ಲಿ ಅಂಥ ನೋಟಿಸು ಕೋರ್ಟು ಮೆಟ್ಟಿಲು ಹತ್ತಿ ಅಲ್ಲೇ ಮಲಗುತ್ತಿತ್ತು. ಪ್ರಯೋಗಾಲಯಕ್ಕಾದರೆ, ಕಕ್ಕಸು ಕೆಡವಿ, ಪೈಪು ಅಗೆದು ಹೊಸದು ಹಾಕಿ, ಸಿಂಕಿನ ನೀರಿಗೆ ಬೇರೆ ತೊಟ್ಟಿ ಮಾಡಿ, ಆಮೇಲೆ ಬಾಗಿಲು ತೆಗೆಯಿರಿ ಅನ್ನಬಹುದು. ಹೊಸದಾಗಿ ಸೇರುವ ಮಕ್ಕಳೇ, ಇದೊಂದನ್ನು ಇಟ್ಟುಕೊಳ್ಳಿ. ಹೊಸದು ಬಂದರೆ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ, ಈಗಾಗಲೇ ಏನಾಗುತ್ತಿದೆ ಅಂತ ಕೇಳುವವರು ಕಮ್ಮಿ.

ವಿಚಾರಣೆಯ ದಿನ ರೂಮು ತುಂಬ ಜನ. ಎಲ್ಲ ಅಕ್ಕಪಕ್ಕದವರೇ, ಎಲ್ಲ ಶಾರದಮ್ಮನ ಗಿರಾಕಿಗಳೇ. ಪ್ರಯೋಗಾಲಯ ಬೇಡ ಅಂತ ಗಲಾಟೆ. ನಾನು ಬಣ್ಣದ ಪರೀಕ್ಷೆಯ ವಿಷಯ ಎತ್ತುವಾಗ ಹತ್ತಿರದ ಒಂದು ಬಾವಿ ಅಂದೆನೇ ಹೊರತು ಯಾರ ಮನೆ ಅನ್ನಲಿಲ್ಲ. ಶಾರದಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮೂಲೆಯಿಂದ ಎದ್ದು ನಿಂತರು.

"ನಮ್ಮನೆ ಬಾವಿನೇ ಅದು. ನೀವೆಲ್ಲ ತಿಂದಿರೋ ಹಪ್ಪಳ ಆ ನೀರಿಂದೇ. ನನಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಗಿದೆ. ಲ್ಯಾಬು ಬರ್ಲಿ, ಆ ಪೈಪು ಹೋಗ್ಲಿ. ಯಾರಾದ್ರೂ ಬೈಯೋದಿದ್ರೆ ಇಲ್ಲೇ ಬೈದುಬಿಡಿ."

ಯಾರೂ ಬೈಯಲಿಲ್ಲ. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದಳು. ಅದನ್ನು ಶಾರದಮ್ಮ ನೋಡಿದರು. ನಾನೂ ನೋಡಿದೆ.

ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ನಸ್ರೀನ್ ಮೊದಲು ಪೈಪು ಅಗೆಸಿದರು, ಆಮೇಲೆ ಒಳಗಿನ ಕೆಲಸಕ್ಕೆ ಕೈ ಹಾಕಿದರು. ಹಪ್ಪಳದ ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ ಜಾರಿಕೊಂಡರು. ಮುಂದೆ ಬರುವ ಮದುವೆ ಕಾಲಕ್ಕೆ ಹೇಳಿಟ್ಟವರು ಬೆರಳೆಣಿಕೆ. ಕೆಲಸದವರಲ್ಲಿ ಇಬ್ಬರು ಬೇರೆ ಕಡೆ ಹೋದರು. ಶಾರದಮ್ಮ ಬೋರ್ಡು ಇಳಿಸಿ, ಬಾವಿಗೆ ಜಾಲರಿ ಹಾಕಿಸಿದರು.

ಪೈಪಿನ ಕೆಲಸ ಮುಗಿದಿದೆಯೋ ನೋಡಿ ಬರಲು ಹೋದ ದಿನ ಅವರ ಮನೆಗೂ ಹೋದೆ. ನಲ್ಲಿ ನೀರಲ್ಲಿ ಮೊದಲ ಸಲ ಹಿಟ್ಟು ಕಲಸಿ, ಲಟ್ಟಿಸಿ, ಒಣಗಿಸಿದ್ದರಂತೆ. ಇನ್ನೂ ಯಾರಿಗೂ ಕೊಟ್ಟಿರಲಿಲ್ಲ, ತಾವೂ ತಿಂದಿರಲಿಲ್ಲ. ಧೈರ್ಯ ಇಲ್ಲ ಅಂದರು. ಎರಡು ಕರಿದು ತಂದು, ನನಗೊಂದು ಕೊಟ್ಟು ತಾವೊಂದು ಹಿಡಿದು ಕೂತರು.

ನಾನು ಮುರಿದು ಬಾಯಿಗೆ ಹಾಕಿಕೊಂಡೆ. ಆ ಇಂಗು, ಆ ಮೆಣಸು, ಆ ಗರಿಗರಿ. ಅವರ ಹಪ್ಪಳ ಮೊದಲು ಎಷ್ಟೋ ಮದುವೆಯಲ್ಲಿ ತಿಂದಿದ್ದೆನಲ್ಲ.

"ಹೇಗಿದೆ? ನಿಜ ಹೇಳ್ಬೇಕು."

"ಅದೇ ರುಚಿ ಶಾರದಮ್ಮೋರೆ. ಸ್ವಲ್ಪಾನೂ ವ್ಯತ್ಯಾಸ ಇಲ್ಲ."

ಅವರು ನಂಬಲಿಲ್ಲ. ತಮ್ಮದನ್ನು ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದರು. ಇನ್ನೊಂದು ಚೂರು ಮುರಿದರು. ಖುಷಿಪಡುತ್ತಾರೆ ಅಂತ ನಾನು ಕಾದೆ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಹಂಗಾದ್ರೆ ಬಾವಿದಲ್ಲ ಕಣಮ್ಮ ಇದು" ಅಂದರು. "ನಂದೇ. ಇಷ್ಟು ವರ್ಷ ನನ್ನ ಕೈಯಿಂದೇ ಬಂದಿದ್ದನ್ನ ಆ ಬಾವಿ ಹೆಸರಲ್ಲಿ ಮಾರ್ಕೊಂಡು ಕೂತಿದ್ನಲ್ಲ."